ವಾಲೈ ಓಪನರ್: ಊರಿಂದ ಅಮ್ಮ ಬಂದಿದ್ದಾರೆ, ಯಾವ ಲೇಕಿಗೆ ಹೋಗಲಿ?

ಶರಾವತಿ_ಹಿನ್ನೀರು · ಮೇ 5, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾವು ಮಿನ್ನೆಸೋಟಾದ ಪ್ಲಿಮತ್‌ಗೆ ಬಂದು ಮೂರು ವರ್ಷ ಆಯಿತು. ಮೇ ತಿಂಗಳು ಬಂದರೆ ಆಫೀಸಿನಲ್ಲಿ ಓಪನರ್, ಓಪನರ್ ಅಂತ ಒಂದೇ ಜಪ. ಅಂದರೆ ಇಲ್ಲಿನವರ ಅಚ್ಚುಮೆಚ್ಚಿನ ವಾಲೈ ಮೀನು ಹಿಡಿಯಲು ಮತ್ತೆ ಬಿಡುವ ಮೊದಲ ಶನಿವಾರ. ಆ ಶುಕ್ರವಾರ ಮಧ್ಯಾಹ್ನದ ಮೀಟಿಂಗಿಗೆ ಅರ್ಧ ಟೀಮ್ ಬರುವುದೇ ಇಲ್ಲ. ಈ ಸಲ ನಾನೂ ಹೋಗೋಣ ಅಂತಿದ್ದೇನೆ.

ನಾನು ಹೊಸನಗರದ ಕಡೆಯವನು. ಚಿಕ್ಕಂದಿನಲ್ಲಿ ಹಿನ್ನೀರಿನ ದಡದಲ್ಲಿ ಬಿದಿರು ಕೋಲಿಗೆ ಗಾಳ ಕಟ್ಟಿ, ಎರೆಹುಳ ಚುಚ್ಚಿ ಕೂತಿದ್ದು ಬಿಟ್ಟರೆ ಬೇರೆ ಅನುಭವ ಇಲ್ಲ. ಅಮ್ಮ ಕಳೆದ ತಿಂಗಳು ಬಂದರು. ಮನೆಯಲ್ಲಿ ಕೂತು ಕೂತು ಅವರಿಗೆ ಬೇಜಾರು. "ಇಷ್ಟೊಂದು ನೀರಿದೆ, ಒಬ್ರೂ ಮೀನು ಹಿಡಿಯಲ್ವಲ್ಲೋ" ಅಂತ ದಿನಾ ಕೇಳುತ್ತಾರೆ. ಶನಿವಾರದವರೆಗೆ ಹಿಡಿಯಲು ಬಿಡುವುದಿಲ್ಲ ಅಂದರೆ ನಗುತ್ತಾರೆ.

ಯಾವ ಲೇಕಿಗೆ ಹೋಗಲಿ? ಬೋಟ್ ಇಲ್ಲ, ಬಾಡಿಗೆಗೆ ತಗೊಳ್ಳಲೇಬೇಕಾ? ಇನ್ನೊಂದು, ಭಾನುವಾರ ಮದರ್ಸ್ ಡೇ ಇರುವುದರಿಂದ ಅಮ್ಮಂದಿರಿಗೆ ಲೈಸೆನ್ಸ್ ಬೇಡ ಅಂತ ಯಾರೋ ಹೇಳಿದರು. ನಿಜಾನಾ? ಆರು ವರ್ಷದ ಮಗಳೂ ಬರುತ್ತಾಳೆ.

ಜಯನಗರ_4ನೇ_ಬ್ಲಾಕ್ · ಸೋಮವಾರ ರಾತ್ರಿ

ಮಿಲ್ ಲ್ಯಾಕ್ಸ್, ಉತ್ತರಕ್ಕಿರುವ ಆ ದೊಡ್ಡ ಲೇಕ್. ಬೇರೆ ಯೋಚನೆಯೇ ಬೇಡ ಗುರು. ಶುಕ್ರವಾರ ಸಂಜೆ ಹೊರಟು, ರಾತ್ರಿ 12 ಹೊಡೆಯುತ್ತಿದ್ದ ಹಾಗೆ ಗಾಳ ಹಾಕಬೇಕು. ಅದೇ ಮಜಾ. ಆಳಿಗೆ ಎರಡು ರಾಡ್ ಇಟ್ಟುಕೊಳ್ಳಿ, ಚಾನ್ಸ್ ಜಾಸ್ತಿ.

ಹಳೇ_ಗಾಳ · ಮೇ 6, ಮಂಗಳವಾರ ಬೆಳಗ್ಗೆ

ಜಯನಗರದ ತಮ್ಮ, ಎರಡು ರಾಡ್ ಹಾಕಿಸಿ ಅವರಿಗೆ ದಂಡ ಕಟ್ಟಿಸಬೇಡಪ್ಪ. ಇಲ್ಲಿ ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ದಾರ. ಚಳಿಗಾಲದಲ್ಲಿ ಐಸ್ ಮೇಲೆ ಕೂತಾಗ ಮಾತ್ರ ಎರಡು.

ಹಿನ್ನೀರು ಅವರೇ, ಮೊದಲು ಲೈಸೆನ್ಸ್ ವಿಷಯ. ಮದರ್ಸ್ ಡೇ ಶನಿವಾರ, ಭಾನುವಾರ ಅಮ್ಮಂದಿರಿಗೆ ಬೇಡ ಅನ್ನುವುದು ನಿಜ. ಆದರೆ ಅದು ಮಿನ್ನೆಸೋಟಾದ ನಿವಾಸಿ ಅಮ್ಮಂದಿರಿಗೆ ಮಾತ್ರ. ನಿವಾಸಿ ಅನ್ನಿಸಿಕೊಳ್ಳಲು ಇಲ್ಲೇ ಮನೆ ಮಾಡಿಕೊಂಡು 60 ದಿನವಾದರೂ ಆಗಿರಬೇಕು. ನಿಮ್ಮ ಮನೆಯವರಿಗೆ ಫ್ರೀ. ಊರಿಂದ ನೋಡಲು ಬಂದ ಅಮ್ಮನಿಗೆ ಹೊರಗಿನವರ ಲೈಸೆನ್ಸ್ ಬೇಕು. 24 ಗಂಟೆಯದು ಒಂದಿದೆ, ಅದು ಸಾಕು. ಮಗಳು ಚಿಕ್ಕವಳು, 16 ಆಗುವವರೆಗೆ ಬೇಡ. ನಿಮಗೆ ಬೇಕು. ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ವೆಬ್‌ಸೈಟಿನಲ್ಲಿ ತಗೊಂಡರೆ ಐದು ನಿಮಿಷದ ಕೆಲಸ.

ಆಮೇಲೆ, ಅಮ್ಮನಿಗೆ ಒಂದು ವಿಷಯ ಹೇಳಿ. ಶನಿವಾರ ಶುರುವಾಗುವುದು ವಾಲೈ, ನಾರ್ದರ್ನ್ ಪೈಕ್ ಇಂಥವು. ಸನ್‌ಫಿಶ್, ಕ್ರ್ಯಾಪಿ ವರ್ಷವಿಡೀ ಹಿಡಿಯಬಹುದು. ಅಂದರೆ ಅವರು ಬಂದ ದಿನವೇ ಕರೆದುಕೊಂಡು ಹೋಗಬಹುದಿತ್ತು. ತಪ್ಪು ನಿಮ್ಮದು.

ಲೇಕಿನ ವಿಷಯಕ್ಕೆ ಬಂದರೆ, ಬೋಟ್ ಬೇಡ, ದೂರವೂ ಬೇಡ. ವಾಲೈ ಮೊಟ್ಟೆ ಇಡುವುದು ಐಸ್ ಕರಗಿದ ತಕ್ಷಣ, ನೀರು 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ. ಓಪನರ್ ಹೊತ್ತಿಗೆ ಆ ಕೆಲಸ ಮುಗಿದು, ಗಂಡು ಮೀನುಗಳು ಇನ್ನೂ ದಡದ ಹತ್ತಿರ, ಜಲ್ಲಿಕಲ್ಲು ಇರುವ ಕಡೆ, ಹಳ್ಳ ಬಂದು ಸೇರುವ ಬಾಯಲ್ಲಿ ಸುತ್ತಾಡುತ್ತಿರುತ್ತವೆ. ಆರರಿಂದ ಹನ್ನೆರಡು ಅಡಿ ನೀರು ಸಾಕು. ಲಕ್ಷ ರೂಪಾಯಿಯ ಮೋಟರ್ ಹಾಕಿಕೊಂಡು ನಡುನೀರಿಗೆ ಹೋದವರಿಗಿಂತ ದಡದಿಂದ ನೀರಿಗೆ ಚಾಚಿದ ಪಿಯರ್ ಕಟ್ಟೆಯ ಮೇಲೆ ಕೂತವನಿಗೆ ವರ್ಷದಲ್ಲಿ ಅನುಕೂಲ ಇರುವುದು ಈ ಒಂದೆರಡು ವಾರ ಮಾತ್ರ. ನಿಮ್ಮ ಮನೆ ಹತ್ತಿರವೇ ಮೆಡಿಸಿನ್ ಲೇಕ್ ಇದೆ, ಫ್ರೆಂಚ್ ಪಾರ್ಕ್ ಕಡೆಯಿಂದ ಹೋಗಿ. ವಾಲೈ ಸಿಕ್ಕರೆ ಅದೃಷ್ಟ. ಮಗಳಿಗೆ ಸನ್‌ಫಿಶ್ ಅಂತೂ ಸಿಗುತ್ತದೆ.

ಹೊತ್ತು ಮುಖ್ಯ. ವಾಲೈ ಕಣ್ಣಿನ ಹಿಂದೆ ಹೊಳೆಯುವ ಪದರ ಇದೆ. ರಾತ್ರಿ ಟಾರ್ಚ್ ಬಿಟ್ಟರೆ ದನದ ಕಣ್ಣು, ಬೆಕ್ಕಿನ ಕಣ್ಣು ಮಿಂಚುತ್ತದಲ್ಲ, ಅದೇ ಥರ. ಮಬ್ಬು ಬೆಳಕಿನಲ್ಲಿ ಸಣ್ಣ ಮೀನಿಗೆ ಕಾಣದ್ದು ಇದಕ್ಕೆ ಕಾಣುತ್ತದೆ, ಹಾಗಾಗಿ ಆಗಲೇ ಬೇಟೆಗೆ ಬರುತ್ತದೆ. ಸೂರ್ಯ ಹುಟ್ಟುವ ಮುಂಚಿನ ಒಂದು ಗಂಟೆ, ಮುಳುಗಿದ ಮೇಲಿನ ಒಂದು ಗಂಟೆ. ಬಿಸಿಲಿನಲ್ಲಿ ಹನ್ನೊಂದು ಗಂಟೆಗೆ ಹೋಗಿ ಮೀನೇ ಇಲ್ಲ ಅನ್ನಬೇಡಿ. ಗಾಳಿ ಬೀಸಿ ಸಣ್ಣ ಅಲೆ ಎದ್ದಿರುವ ದಡ ಸಿಕ್ಕರೆ ಅಲ್ಲೇ ನಿಲ್ಲಿ.

ಶರಾವತಿ_ಹಿನ್ನೀರು · ಮಂಗಳವಾರ

ಅಣ್ಣ, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಲೈಸೆನ್ಸ್ ಬೇಕು ಅಂದೆ. "ಮೀನು ಹಿಡಿಯೋಕೂ ದುಡ್ಡಾ?" ಅಂತ ಒಂದು ಗಂಟೆ ಬೈದರು. ಗಾಳಕ್ಕೆ ಏನು ಹಾಕಬೇಕು?

ಹಳೇ_ಗಾಳ · ಮಂಗಳವಾರ

ಸಾಮಾನ್ಯ ಸ್ಪಿನ್ನಿಂಗ್ ರಾಡ್, ಆರು ಪೌಂಡ್ ಭಾರ ತಡೆಯುವ ದಾರ, ಅದರ ತುದಿಗೆ ಒಂದು ಔನ್ಸಿನ ಎಂಟನೇ ಒಂದು ಭಾಗದ ಜಿಗ್. ಜಿಗ್ ಅಂದರೆ ತಲೆಗೆ ತೂಕ ಕೂರಿಸಿದ ಗಾಳ, ಅಷ್ಟೇ. ನೀರು ಇನ್ನೂ ತಣ್ಣಗಿರುವಾಗ ಅದಕ್ಕೆ ಮಿನ್ನೋ, ಅಂದರೆ ಜೀವಂತ ಸಣ್ಣ ಮೀನು, ಚುಚ್ಚಬೇಕು. ನೀರು ಬಿಸಿಯಾದ ಮೇಲೆ ಜಿಗಣೆ, ಆಮೇಲೆ ಎರೆಹುಳ. ತಳಕ್ಕೆ ಬಿಟ್ಟು, ಒಂದು ಗೇಣು ಎತ್ತಿ, ಮತ್ತೆ ಇಳಿಸಿ. ನಿಧಾನ. ವಾಲೈ ಕಚ್ಚಿದ್ದು ಜಗ್ಗಿದ ಹಾಗೆ ಇರುವುದಿಲ್ಲ. ದಾರಕ್ಕೆ ಸುಮ್ನೆ ಏನೋ ಭಾರ ಬಂದ ಹಾಗೆ ಅನ್ನಿಸುತ್ತದೆ.

ಮಗಳಿಗೆ ಮಾತ್ರ ಬೆಂಡು ಕಟ್ಟಿ ಎರೆಹುಳ ಹಾಕಿ ಕೊಡಿ. ಬೆಂಡು ಮುಳುಗುವುದು ಕಣ್ಣಿಗೆ ಕಾಣದಿದ್ದರೆ ಮಕ್ಕಳು ಹತ್ತು ನಿಮಿಷ ನಿಲ್ಲುವುದಿಲ್ಲ.

ಉಳಿದ ಮಿನ್ನೋಗಳನ್ನು ದಯವಿಟ್ಟು ಲೇಕಿಗೆ ಸುರಿಯಬೇಡಿ. ಪಾಪ ಬದುಕಲಿ ಅಂತ ನಮ್ಮವರು ಮಾಡುವ ತಪ್ಪು ಅದು. ಇಲ್ಲಿ ಅದು ಕಾನೂನಿಗೆ ವಿರುದ್ಧ. ಕಸದ ಡಬ್ಬಿಗೆ ಹಾಕಬೇಕು.

ಮಂಜಿನೂರು_ಡುಲೂತ್ · ಮಂಗಳವಾರ

ಜಿಗಣೆ ಅಂದಾಗ ನೆನಪಾಯಿತು. ನಾನು ತೀರ್ಥಹಳ್ಳಿ. ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳಕ್ಕೆ ಸುಣ್ಣ ಹಚ್ಚಿ ಕಿತ್ತು ಎಸೆದು ಬೆಳೆದವನು. ಇಲ್ಲಿಗೆ ಬಂದು ಜಿಗಣೆಯನ್ನು ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದು, ಹೆಂಡತಿ ಬೈದರೂ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ ನಂಬಲಿಲ್ಲ.

ಕಾಣೆಫ್ರೈ · ಮಂಗಳವಾರ ಸಂಜೆ

ರಾಚೆಸ್ಟರ್‌ನಿಂದ ಬರೆಯುತ್ತಿದ್ದೇನೆ, ಊರು ಮಲ್ಪೆ ಹತ್ತಿರ. ಬೋಟ್ ಬೇಡ ಅಂದ ಹಳೇ ಗಾಳ ಅಣ್ಣನ ಮಾತು ನೂರಕ್ಕೆ ನೂರು ಸರಿ. ನಮ್ಮ ಕಥೆ ಕೇಳಿ.

ಎರಡು ವರ್ಷದ ಹಿಂದೆ ಓಪನರ್‌ಗೆ ಅಂತ ಉತ್ತರದ ಒಂದು ರಿಸಾರ್ಟಿನಲ್ಲಿ ಬೋಟ್ ತಗೊಂಡೆವು. ಬೋಟಿನ ಹಿಂದೆ ತಳದಲ್ಲಿ ಒಂದು ಸಣ್ಣ ಬಿರಡೆ ಇರುತ್ತದೆ. ಒಂದು ಲೇಕಿನ ನೀರು ಇನ್ನೊಂದಕ್ಕೆ ಹೋಗಬಾರದು ಅಂತ ರಸ್ತೆಯಲ್ಲಿ ಅದನ್ನು ತೆಗೆದೇ ಸಾಗಿಸಬೇಕು, ಅದು ಇಲ್ಲಿನ ನಿಯಮ. ಸರಿ. ಆದರೆ ನೀರಿಗೆ ಇಳಿಸುವ ಮುಂಚೆ ವಾಪಸ್ ಹಾಕಬೇಕಲ್ಲ? ಕೊಟ್ಟವರು ಹಾಕಿರಲಿಲ್ಲ, ನಮ್ಮವರು ನೋಡಲಿಲ್ಲ. ಸಮುದ್ರದ ದಡದವಳು ನಾನಾದರೂ ನೋಡಬಾರದಿತ್ತಾ? ಐನೂರು ಅಡಿ ಹೋಗಿದ್ದೇವೆ, ಕಾಲಿಗೆ ತಣ್ಣಗಾಯಿತು. ನಮ್ಮವರು "ನಿನ್ನ ನೀರಿನ ಬಾಟ್ಲಿ ಚೆಲ್ಲಿದೆ" ಅಂದರು. ಅಷ್ಟು ದೊಡ್ಡ ಬಾಟಲಿ ಜಗತ್ತಿನಲ್ಲೇ ಇಲ್ಲ. ಚಿಪ್ಸ್ ಡಬ್ಬಿಯಿಂದ ನೀರು ಮೊಗೆದು ಮೊಗೆದು ದಡಕ್ಕೆ ಬಂದೆವು. ನಮ್ಮಜ್ಜ ದೋಣಿಯಲ್ಲಿ ಮುಳುಗದೆ 40 ವರ್ಷ ಮೀನು ಹಿಡಿದವರು, ಮೊಮ್ಮಗಳು ಕೆರೆಯಲ್ಲಿ ಮುಳುಗುತ್ತಿದ್ದಳು.

ನಗು ಬಂದರೂ ಒಂದು ಮಾತು. ಮೇ ತಿಂಗಳಲ್ಲಿ ಗಾಳಿ ಬೆಚ್ಚಗಿರುತ್ತದೆ, ನೀರು ಬೆಚ್ಚಗಿರುವುದಿಲ್ಲ. ಬಿದ್ದರೆ ಕೈಕಾಲು ಬೇಗ ಸೋಲುತ್ತವೆ. ಚಲಿಸುವ ಬೋಟಿನಲ್ಲಿ 10 ವರ್ಷದ ಒಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಕಡ್ಡಾಯ. ಪಿಯರ್ ಮೇಲೂ ಮಗಳಿಗೆ ಹಾಕಿಸಿ, ಯಾರು ಏನಂದರೂ ಪರವಾಗಿಲ್ಲ.

ತಿಳಿಸಾರು · ಮೇ 7, ಬುಧವಾರ

ನಾನು ಮೀನು ತಿನ್ನುವವನಲ್ಲ, ಆದರೂ ಈ ಚರ್ಚೆ ಓದುತ್ತಿದ್ದೇನೆ. ಒಂದು ಪ್ರಾಮಾಣಿಕ ಪ್ರಶ್ನೆ. ತಿನ್ನುವುದಕ್ಕೆ ಹಿಡಿಯುವುದು ಅರ್ಥವಾಗುತ್ತದೆ. ಬಾಯಿಗೆ ಗಾಳ ಚುಚ್ಚಿ ಎಳೆದು, ಫೋಟೋ ತೆಗೆದು, ವಾಪಸ್ ಬಿಡುವುದು ಯಾವ ಸೀಮೆ ದಯೆ? ನನಗೆ ಅದು ಇನ್ನೂ ಜಾಸ್ತಿ ಹಿಂಸೆ ಅನ್ನಿಸುತ್ತದೆ.

ಹಳೇ_ಗಾಳ · ಬುಧವಾರ

ತಿಳಿಸಾರು ಅವರೇ, ಫೋಟೋಗೆ ಹಿಡಿಯುವವರ ಬಗ್ಗೆ ನನಗೂ ಅದೇ ಅಭಿಪ್ರಾಯ. ಆದರೆ ಬಿಡುವುದರಲ್ಲಿ ಸ್ವಲ್ಪ ಲೆಕ್ಕವೂ ಇದೆ. ದೊಡ್ಡ ವಾಲೈ ಸಾಮಾನ್ಯವಾಗಿ ಹೆಣ್ಣು. ಅವೇ ಹೆಚ್ಚು ಮೊಟ್ಟೆ ಇಡುವವು. ಅದಕ್ಕೇ ರಾಜ್ಯದ ಸಾಮಾನ್ಯ ನಿಯಮದಲ್ಲಿ ಒಬ್ಬರಿಗೆ ಆರು ವಾಲೈ, ಅದರಲ್ಲಿ 20 ಇಂಚಿಗಿಂತ ಉದ್ದದ್ದು ಒಂದೇ. ಕೆಲವು ಲೇಕುಗಳಿಗೆ ಬೇರೆಯೇ ನಿಯಮ ಇರುತ್ತದೆ, ಹೋಗುವ ಮುಂಚೆ ನೋಡಿಕೊಳ್ಳಬೇಕು. ತಣ್ಣೀರಿನಲ್ಲಿ ಬೇಗ ಬಿಟ್ಟರೆ ಹೆಚ್ಚಿನವು ಬದುಕುತ್ತವೆ. ನಡುಬೇಸಿಗೆಯಲ್ಲಿ ಸಾಯುವವು ಜಾಸ್ತಿ. ಮಿಲ್ ಲ್ಯಾಕ್ಸಿನಲ್ಲಿ ಹೀಗೆ ಬಿಟ್ಟ ಮೇಲೆ ಸತ್ತ ಮೀನುಗಳನ್ನೂ ಅಂದಾಜು ಮಾಡಿ ಆ ವರ್ಷ ಹಿಡಿಯಬಹುದಾದ ಪಾಲಿನಲ್ಲಿ ಕಳೆಯುತ್ತಾರೆ. ಅಂದರೆ ಬಿಟ್ಟದ್ದಕ್ಕೂ ಲೆಕ್ಕ ಇದೆ, ನಿಮ್ಮ ಪ್ರಶ್ನೆ ಸರ್ಕಾರಕ್ಕೂ ಬಂದಿದೆ.

ನಾನು ಎರಡು ತಿನ್ನುವ ಸೈಜಿನವು ಸಿಕ್ಕರೆ ಗಾಳ ಸುತ್ತಿ ಮನೆಗೆ ಬರುತ್ತೇನೆ.

ಜಯನಗರ_4ನೇ_ಬ್ಲಾಕ್ · ಬುಧವಾರ

ಮಿಲ್ ಲ್ಯಾಕ್ಸಿನಲ್ಲಿ ನಮಗೆ ಇಷ್ಟೊಂದು ರೂಲ್ಸ್. ಆದರೆ ಅಲ್ಲಿನ ಬುಡಕಟ್ಟಿನವರು ಓಪನರ್‌ಗೆ ಮುಂಚೆಯೇ ಬಲೆ ಹಾಕುತ್ತಾರಂತೆ. ಮೀನು ಕಡಿಮೆಯಾಗಿದ್ದೇ ಅದರಿಂದ ಅಂತ ನನ್ನ ಕಲೀಗ್ ಹೇಳಿದ. ಅದು ಯಾವ ನ್ಯಾಯ?

ಮಂಜಿನೂರು_ಡುಲೂತ್ · ಬುಧವಾರ ರಾತ್ರಿ

ಈ ಮಾತು ಬೋಟ್ ಲಾಂಚ್‌ಗಳಲ್ಲಿ ನಾನೂ ಕೇಳಿದ್ದೇನೆ. ಸಿಟ್ಟು ಮಾಡಿಕೊಳ್ಳದೆ ಓದಿ.

1837ರಲ್ಲಿ ಆ ಬುಡಕಟ್ಟಿನವರು, ಅಂದರೆ ಓಜಿಬ್ವೆ ಜನ, ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡರು. ಭೂಮಿ ಬಿಟ್ಟುಕೊಟ್ಟರು. ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡುಭತ್ತ ಕೊಯ್ಯುವ ಹಕ್ಕು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಸರ್ಕಾರ ಅವರಿಗೆ ದಾನ ಕೊಟ್ಟದ್ದಲ್ಲ ಅದು. ಮಾರುವಾಗ ಬಾವಿ ನನ್ನದೇ ಅಂತ ಪತ್ರದಲ್ಲಿ ಬರೆಸಿಕೊಂಡ ಹಾಗೆ. ರಾಜ್ಯ ಒಪ್ಪಲಿಲ್ಲ, ವಿಷಯ ಕೋರ್ಟಿಗೆ ಹೋಯಿತು. 1999ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತದಲ್ಲಿ ಆ ಹಕ್ಕು ಇನ್ನೂ ಇದೆ ಅಂದಿತು. ಈಗ ಪ್ರತಿ ವರ್ಷ ಎಷ್ಟು ವಾಲೈ ತೆಗೆಯಬಹುದು ಅಂತ ಲೆಕ್ಕ ಹಾಕಿ, ರಾಜ್ಯ ಮತ್ತು ಬುಡಕಟ್ಟುಗಳು ಪಾಲು ಮಾಡಿಕೊಳ್ಳುತ್ತವೆ. ಅವರೂ ತಮ್ಮ ಪಾಲಿನೊಳಗೇ ಹಿಡಿಯಬೇಕು.

ಮೀನು ಕಡಿಮೆಯಾದದ್ದಕ್ಕೆ ಕಾರಣ ಒಂದೇ ಅಲ್ಲ. ಮರಿಗಳು ಹುಟ್ಟುತ್ತಿದ್ದವು, ದೊಡ್ಡವಾಗುವಷ್ಟರಲ್ಲಿ ಇಲ್ಲವಾಗುತ್ತಿದ್ದವು. ನೀರು ಮೊದಲಿಗಿಂತ ತಿಳಿಯಾಯಿತು. 2005ರಲ್ಲಿ ಅಲ್ಲಿ ನೀರು ಸೋಸಿ ತಿನ್ನುವ, ಹೊರಗಿನಿಂದ ಬಂದ ಝೀಬ್ರಾ ಮಸಲ್ ಚಿಪ್ಪು ಕಾಣಿಸಿಕೊಂಡಿತು. ಅದು ಒಂದು ಲೇಕಿನಿಂದ ಇನ್ನೊಂದಕ್ಕೆ ಹರಡುವುದೇ ನಮ್ಮಂಥವರ ಬೋಟಿನಲ್ಲಿ. ಕಾಣೆಫ್ರೈ ಅಕ್ಕನ ಬಿರಡೆ ಕಥೆಯ ಹಿಂದೆ ಇರುವುದೂ ಇದೇ.

ಉತ್ತರದ ರೆಡ್ ಲೇಕ್ ಗೊತ್ತಲ್ಲ? 90ರ ದಶಕದಲ್ಲಿ ಅಲ್ಲಿ ವಾಲೈ ಹೆಚ್ಚುಕಡಿಮೆ ಬರಿದಾಯಿತು. ಬುಡಕಟ್ಟು ಮತ್ತು ರಾಜ್ಯ ಕೂತು ಮಾತಾಡಿ, ಹಿಡಿಯುವುದನ್ನೇ ಪೂರ್ತಿ ನಿಲ್ಲಿಸಿ, ಮರಿ ಬಿಟ್ಟರು. 2006ರಲ್ಲಿ ಮತ್ತೆ ಶುರು ಮಾಡುವ ಹೊತ್ತಿಗೆ ಲೇಕ್ ತುಂಬಿತ್ತು. ಅಲ್ಲಿಯೂ ಇದೇ ಓಜಿಬ್ವೆ ಜನ.

ಅವರ ಭಾಷೆಯಲ್ಲಿ ವಾಲೈಗೆ ಓಗಾ ಅನ್ನುತ್ತಾರೆ. ವಸಂತದ ರಾತ್ರಿ ದೋಣಿಯಲ್ಲಿ ದೊಂದಿ ಹಿಡಿದು, ಆ ಬೆಳಕಿಗೆ ಮಿಂಚುವ ಕಣ್ಣು ನೋಡಿ ಈಟಿ ಹಾಕುತ್ತಿದ್ದರು. ವಿಸ್ಕಾನ್ಸಿನ್‌ನಲ್ಲಿ ಲ್ಯಾಕ್ ಡು ಫ್ಲಾಂಬೋ ಅಂತ ಊರಿದೆ. ಫ್ರೆಂಚರು ಆ ದೊಂದಿಗಳನ್ನು ನೋಡಿ ಇಟ್ಟ ಹೆಸರು. ನಮ್ಮ ಕಡೆ ಮೊದಲ ಮಳೆಗೆ ಹತ್ತುಮೀನು ಗದ್ದೆಗೆ ಏರುವಾಗ ಗ್ಯಾಸ್‌ಲೈಟ್ ಹಿಡಿದು ಓಡುತ್ತಿದ್ದೆವಲ್ಲ, ಓದಿದಾಗ ಅದೇ ಕಣ್ಮುಂದೆ ಬಂತು.

ಜಯನಗರ_4ನೇ_ಬ್ಲಾಕ್ · ಬುಧವಾರ ರಾತ್ರಿ

ಒಪ್ಪಂದದ ವಿಷಯ ಗೊತ್ತಿರಲಿಲ್ಲ. ಸರಿ ಸರ್. ಕಲೀಗ್‌ಗೂ ಇದನ್ನೇ ಹೇಳುತ್ತೇನೆ, ಅವನು ಕೇಳುವುದು ಡೌಟು.

ಕಾಣೆಫ್ರೈ · ಮೇ 8, ಗುರುವಾರ

ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಆಗಸ್ಟ್ ಮೊದಲ ವಾರ ಮಲ್ಪೆ ಬಂದರು ನೋಡಬೇಕು. ಇಲ್ಲಿ ಫೆಬ್ರವರಿ ಕೊನೆಯಿಂದ ಮೇವರೆಗೆ ವಾಲೈ ಮುಟ್ಟುವಂತಿಲ್ಲ ಅಂದಾಗ ನನಗೇನೂ ಹೊಸದು ಅನ್ನಿಸಲಿಲ್ಲ. 1948ರಿಂದ ಇಲ್ಲಿ ಗವರ್ನರೇ ಓಪನರ್‌ಗೆ ಗಾಳ ಹಾಕುವ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ, ಅದು ಮಾತ್ರ ನಮ್ಮಲ್ಲಿಲ್ಲ.

ಈಗ ಮುಖ್ಯ ವಿಷಯ, ಅಡುಗೆ. ವಾಲೈ ಮಾಂಸ ಬಿಳಿ, ಪದರ ಪದರ, ಮೀನಿನ ವಾಸನೆ ಕಡಿಮೆ. ಕಾಣೆಗೆ ಹತ್ತಿರ ಅಂತ ನಾನು ಹೇಳುತ್ತೇನೆ, ನಮ್ಮಮ್ಮ ಒಪ್ಪುವುದಿಲ್ಲ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆ, ಅರಿಶಿನ, ಉಪ್ಪು ನುಣ್ಣಗೆ ರುಬ್ಬಿ ಹಚ್ಚಿ ಅರ್ಧ ಗಂಟೆ ಬಿಡಿ. ಸಣ್ಣ ರವೆಗೆ ಸ್ವಲ್ಪ ಅಕ್ಕಿಹಿಟ್ಟು ಬೆರೆಸಿ ಹೊರಳಿಸಿ, ತೆಂಗಿನೆಣ್ಣೆಯಲ್ಲಿ ಕಾಯಿಸಿ. ತೆಳುವಾದ ಫಿಲೆ, ಒಂದು ಕಡೆಗೆ ಮೂರು ನಿಮಿಷ ಜಾಸ್ತಿ ಆಯಿತು. ಇಲ್ಲಿನವರು ಲೇಕಿನ ದಡದಲ್ಲೇ ಕಬ್ಬಿಣದ ಬಾಣಲೆ ಇಟ್ಟು, ಹಿಟ್ಟು ಹಚ್ಚಿ ಕರಿದು, ಆಲೂಗಡ್ಡೆ ಜೊತೆ ತಿನ್ನುತ್ತಾರೆ. ಅದೂ ಚೆನ್ನಾಗಿರುತ್ತದೆ, ಖಾರ ಇಲ್ಲ ಅಷ್ಟೇ.

ಪಾದರಸದ ವಿಷಯ ಮರೆಯಬೇಡಿ. ಬಸುರಿಯರು, ಚಿಕ್ಕ ಮಕ್ಕಳು ದೊಡ್ಡ ವಾಲೈ ತಿನ್ನಬಾರದು. ಸಣ್ಣದೂ ಅಪರೂಪಕ್ಕೆ ಸಾಕು.

ಮಂಜಿನೂರು_ಡುಲೂತ್ · ಗುರುವಾರ

ರವೆ ಹಾಕಿ ವಾಲೈ ರುಚಿ ಮುಚ್ಚಿಬಿಡುತ್ತೀರಿ. ಬರೀ ಉಪ್ಪು, ಕಾಳುಮೆಣಸು, ಬೆಣ್ಣೆ.

ಕಾಣೆಫ್ರೈ · ಗುರುವಾರ

ನೀವು ಡುಲೂತ್‌ನಲ್ಲಿ ಜಾಸ್ತಿ ವರ್ಷ ಇದ್ದುಬಿಟ್ಟಿರಿ.

ಹಳೇ_ಗಾಳ · ಮೇ 9, ಶುಕ್ರವಾರ

ನಾಳೆ ಬಿಸಿಲು ಅಂತೆ. ವಾಲೈಗೆ ಒಳ್ಳೆಯದಲ್ಲ, ಮಗಳಿಗೆ ಒಳ್ಳೆಯದು. 2013ರ ಓಪನರ್ ನೆನೆಸಿಕೊಂಡರೆ ಇದು ಸ್ವರ್ಗ. ಆ ವರ್ಷ ಉತ್ತರದ ಎಷ್ಟೋ ಲೇಕುಗಳಲ್ಲಿ ಇನ್ನೂ ಐಸ್ ಇತ್ತು, ಬೋಟ್ ಎಳೆದುಕೊಂಡು ಹೋದವರು ದಡದಲ್ಲಿ ನಿಂತು ಕಾಫಿ ಕುಡಿದು ಬಂದರು. ನಾನೂ ಅವರಲ್ಲಿ ಒಬ್ಬ. ಹಿನ್ನೀರು ಅವರೇ, ಭಾನುವಾರ ವರದಿ ಬರಲಿ.

ಶರಾವತಿ_ಹಿನ್ನೀರು · ಮೇ 11, ಭಾನುವಾರ ರಾತ್ರಿ

ವರದಿ. ವಾಲೈ ಸೊನ್ನೆ.

ಶನಿವಾರ ಬೆಳಗ್ಗೆ ಐದಕ್ಕೆ ಪಿಯರ್ ಮೇಲೆ ಇದ್ದೆವು. ಆಗಲೇ ಏಳೆಂಟು ಜನ ಬಂದಿದ್ದರು. ಅಮ್ಮ ಸ್ವೆಟರ್ ಮೇಲೆ ಶಾಲು, ಅದರ ಮೇಲೆ ನನ್ನ ಜಾಕೆಟ್ ಹಾಕಿಕೊಂಡಿದ್ದರು. ನಾನು ಗಂಭೀರವಾಗಿ ಜಿಗ್ ಇಳಿಸಿದೆ, ಎತ್ತಿದೆ, ಇಳಿಸಿದೆ. ಮೂರು ಜಿಗ್ ಕಳೆಗೆ ಸಿಕ್ಕಿ ಹೋದವು. ನಾಲ್ಕನೆಯದು ಪಕ್ಕದವರ ದಾರಕ್ಕೆ. ಅವರು ವಯಸ್ಸಾದವರು, ಒಳ್ಳೆಯ ಮನುಷ್ಯ. ಬಿಡಿಸಿಕೊಟ್ಟು, ಗಂಟು ಹಾಕುವುದು ಹೇಗೆ ಅಂತ ಎರಡು ಸಲ ತೋರಿಸಿದರು. ಮಗಳಿಗೆ ಬೆಂಡು, ಎರೆಹುಳ. ಆರು ಸನ್‌ಫಿಶ್! ಒಂದೊಂದಕ್ಕೂ ಹೆಸರಿಟ್ಟು ವಾಪಸ್ ಬಿಟ್ಟಳು. ತಿಳಿಸಾರು ಅವರ ಪ್ರಶ್ನೆ ನೆನಪಾಯಿತು. ಏನು ಉತ್ತರ ಕೊಡಬೇಕೋ ನನಗೂ ತಿಳಿಯಲಿಲ್ಲ. ಹನ್ನೊಂದಕ್ಕೆ ಬಿಸಿಲು ಏರಿತು, ಮನೆಗೆ ಬಂದೆವು.

ನನ್ನ ಲೆಕ್ಕದಲ್ಲಿ ಅಲ್ಲಿಗೆ ಮುಗಿದಿತ್ತು. ಸಂಜೆ ಕಾಫಿ ಕುಡಿಯುತ್ತಾ ಅಮ್ಮ ಕೇಳಿದರು, "ಅದು 24 ಗಂಟೆ ಅಂದ್ಯಲ್ಲ, ಇನ್ನೂ ಮುಗ್ದಿಲ್ವಲ್ಲ? ದುಡ್ಡು ಸುಮ್ನೆ ಯಾಕೆ ಹಾಳು ಮಾಡ್ತೀಯ?"

ಮತ್ತೆ ಹೊರಟೆವು. ಈ ಸಲ ಅಮ್ಮ ನನ್ನ ಮಾತು ಕೇಳಲಿಲ್ಲ. ಬೆಂಡು ಕಿತ್ತರು, ಜಿಗ್ ಬಿಚ್ಚಿಸಿದರು. ಬರೀ ಗಾಳ, ಒಂದು ಸಣ್ಣ ಸೀಸದ ಗುಂಡು, ಎರೆಹುಳ. ಪಿಯರ್ ತುದಿಗೆ ಹೋಗದೆ ದಡದ ಪಕ್ಕ ಕೆಸರಿನ ಮೂಲೆಯಲ್ಲಿ ತಳಕ್ಕೆ ಬಿಟ್ಟು ಕೂತರು. ಎಂಟೂವರೆಗೆ ಸೂರ್ಯ ಮುಳುಗಿತು. ಹತ್ತು ನಿಮಿಷದಲ್ಲಿ ರಾಡ್ ಬಗ್ಗಿತು. ಮೀಸೆ ಇರುವ ಕಪ್ಪು ಮೀನು. ಪಕ್ಕದವರು "ಅಯ್ಯೋ ಬುಲ್‌ಹೆಡ್, ಎಸೆಯಿರಿ" ಅನ್ನುವ ಹಾಗೆ ಕೈ ಆಡಿಸಿದರು. ಮುಳ್ಳು ಚುಚ್ಚುತ್ತದೆ ಹುಷಾರು ಅಂತ ನಾನು ಹೇಳುವಷ್ಟರಲ್ಲಿ ಅಮ್ಮ ರೆಕ್ಕೆಯ ಹಿಂದೆ ಬೆರಳು ಕೊಟ್ಟು ಹಿಡಿದು ಗಾಳ ಬಿಡಿಸಿಯಾಗಿತ್ತು. "ಇದನ್ನ ಎಸೀತಾರಾ? ಇವರಿಗೇನು ತಲೆ ಕೆಟ್ಟಿದ್ಯಾ?"

ಒಂಬತ್ತು ಹಿಡಿದರು. ಲಿಮಿಟ್ ಎಷ್ಟು ಅಂತ ಹೆದರಿ ಫೋನಿನಲ್ಲಿ ನೋಡಿದೆ. ಬುಲ್‌ಹೆಡ್‌ಗೆ ಒಬ್ಬರಿಗೆ 100! ನೂರು! ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಬೆಳಗಾಗುವವರೆಗೆ ಏಳುತ್ತಿರಲಿಲ್ಲ.

ಹೊರಡುವ ಹೊತ್ತಿಗೆ ಆ ವಯಸ್ಸಾದವರಿಗೆ ಒಂದು ವಾಲೈ ಸಿಕ್ಕಿತು, 16 ಇಂಚು ಇರಬಹುದು. ಹಣೆಗೆ ಕಟ್ಟಿದ ದೀಪವನ್ನು ಅದರ ಕಡೆ ತಿರುಗಿಸಿ ಮಗಳಿಗೆ ಕಣ್ಣು ತೋರಿಸಿದರು. ಕೆಂಡದ ಹಾಗಿತ್ತು. ಕಾರಿನಲ್ಲಿ ಮನೆವರೆಗೆ ಅದೇ ಮಾತು.

ಕಾಣೆಫ್ರೈ · ಭಾನುವಾರ ರಾತ್ರಿ

ಅಮ್ಮನಿಗೆ ದೊಡ್ಡ ನಮಸ್ಕಾರ! ದಕ್ಷಿಣದ ವಾಟರ್‌ವಿಲ್ ಅನ್ನುವ ಊರು ತನ್ನನ್ನು ಜಗತ್ತಿನ ಬುಲ್‌ಹೆಡ್ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಮುಂದಿನ ವಾರ ಅಲ್ಲಿಗೆ ಕರೆದುಕೊಂಡು ಹೋಗಿ. ಸಾರು ಹೇಗೆ ಮಾಡಿದರು?

ಶರಾವತಿ_ಹಿನ್ನೀರು · ಭಾನುವಾರ ರಾತ್ರಿ

ಅಮ್ಮ ಪಕ್ಕದಲ್ಲೇ ಕೂತು ಹೇಳುತ್ತಿದ್ದಾರೆ. ಕೊತ್ತಂಬರಿ, ಒಣಮೆಣಸು, ಕಾಳುಮೆಣಸು ಹುರಿದು, ಕಾಯಿ ಈರುಳ್ಳಿ ಸೇರಿಸಿ ರುಬ್ಬಬೇಕಂತೆ. ಹುಳಿಗೆ ಊರಿಂದ ತಂದ ವಾಟೆಹುಳಿ. ಮೀನು ಹಾಕಿದ ಮೇಲೆ ಸೌಟು ಆಡಿಸಬಾರದಂತೆ, ಪಾತ್ರೆಯನ್ನೇ ಹಿಡಿದು ತಿರುಗಿಸಬೇಕಂತೆ. ಮಾರನೇ ದಿನ ರುಚಿ ಜಾಸ್ತಿಯಂತೆ, ಅದನ್ನು ನೋಡುವಷ್ಟು ಉಳಿದಿಲ್ಲ.

ಕಷ್ಟ ಆಗಿದ್ದು ಲೋಳೆ ತೆಗೆಯುವುದು. ಬೂದಿ ಬೇಕು ಅಂದರು. ಅಪಾರ್ಟ್‌ಮೆಂಟಿನಲ್ಲಿ ಬೂದಿ ಎಲ್ಲಿಂದ ತರಲಿ? ಉಪ್ಪು ಹಾಕಿ ಉಜ್ಜೋಣ ಅಂದೆ, ಒಪ್ಪಲಿಲ್ಲ. ಆಮೇಲೆ ಗೊತ್ತಾಯಿತು, ಪಾರ್ಕಿನಿಂದ ಬರುವಾಗಲೇ ಅಲ್ಲಿನ ಗ್ರಿಲ್‌ನಿಂದ ಒಂದು ಕ್ಯಾರಿಬ್ಯಾಗ್ ಬೂದಿ ತುಂಬಿಕೊಂಡು ಶಾಲಿನೊಳಗೆ ಇಟ್ಟುಕೊಂಡಿದ್ದರು. ಹಳೇ ಗಾಳ ಅಣ್ಣ, ಇದಕ್ಕೂ ಲೈಸೆನ್ಸ್ ಬೇಕಾ?

ಹಳೇ_ಗಾಳ · ಮೇ 12, ಸೋಮವಾರ ಬೆಳಗ್ಗೆ

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿಲ್ಲ. ಮುಂದಿನ ಶನಿವಾರ ನಮ್ಮನೆ ಗ್ರಿಲ್‌ನ ಬೂದಿ ನಾನೇ ತರುತ್ತೇನೆ. ಅಮ್ಮನಿಗೆ ಇನ್ನೊಂದು ಲೈಸೆನ್ಸ್ ತಗೊಳ್ಳಿ, ಈ ಸಲ 72 ಗಂಟೆಯದು.